ಆರ್ಡರ್ ಕ್ರಮದ ಬದಲಾವಣೆ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಕಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಆರ್ಡರ್ ತೆಗೆದುಕೊಳ್ಳುವ, ಕೆಲಸಕ್ಕೆ ಹಾಕುವ ಮತ್ತು ಮಾಲು ಕಳಿಸುವ ಕ್ರಮ ಬದಲಾಗುತ್ತಿದೆ. ದರ ಇದ್ದಷ್ಟೇ ಇರುತ್ತದೆ, ಮೆಷಿನ್‌ಗಳೂ ಅವೇ.

ಒಂದು ಬುಷ್ (ಶಾಫ್ಟ್ ಕೂರುವ ಕೊಳವೆಯಂಥ ಬಿಡಿಭಾಗ) ಲೇತ್ (ಲೋಹವನ್ನು ತಿರುಗಿಸಿ ಕತ್ತರಿಸುವ ಮೆಷಿನ್) ಮೇಲೆ ಇರುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಅದು ಕಾಯುತ್ತಿರುತ್ತದೆ: ಡ್ರಾಯಿಂಗ್‌ನ ಒಂದು ಅಳತೆ ಖಚಿತವಾಗಲಿ ಎಂದು, ಮುಂದಿನ ಮೆಷಿನ್ ಖಾಲಿಯಾಗಲಿ ಎಂದು, ಹೀಟ್ ಟ್ರೀಟ್‌ಮೆಂಟ್‌ನವರ (ಲೋಹವನ್ನು ಕಾಯಿಸಿ ಗಟ್ಟಿ ಮಾಡುವವರ) ಫರ್ನೆಸ್ ತುಂಬಲಿ ಎಂದು. ಹಾಗಾಗಿ ಇನ್ನೊಂದು ಲೇತ್ ತಂದು ನಿಲ್ಲಿಸಿದರೂ ಡೆಲಿವರಿ ಅಷ್ಟೇನೂ ಬೇಗ ಆಗದು. ಕಾಯುವ ಹೊತ್ತನ್ನು ಕಡಿಮೆ ಮಾಡುವುದೇ ಈ ಬದಲಾವಣೆಯ ಉದ್ದೇಶ.

ಇನ್ನು ಮೇಲೆ ಆರ್ಡರ್ ಬರಬೇಕಾದ್ದು ಇದರ ಜೊತೆ ಕಳಿಸಿರುವ ಫಾರಂನಲ್ಲಿ, ಒಂದೇ ಇಮೇಲ್ ವಿಳಾಸಕ್ಕೆ. ಏನಾದರೂ ಕೇಳುವುದಿದ್ದರೆ ಧಾರಾಳವಾಗಿ ಫೋನ್ ಮಾಡಿ, ಆದರೆ ಫೋನಿನಲ್ಲಿ ಹೇಳಿದ್ದು ಆರ್ಡರ್ ಆಗುವುದಿಲ್ಲ. ಡ್ರಾಯಿಂಗ್ ಪಿಡಿಎಫ್ ಆಗಿಯೇ ಇರಲಿ. ವಾಟ್ಸ್ಆ್ಯಪ್ ಫೋಟೊ ಕುಗ್ಗಿಸಿ ಕಳಿಸುತ್ತದೆ. ಸಣ್ಣ ಅಕ್ಷರದ 3 ಮತ್ತು 8 ಒಂದೇ ಥರ ಕಾಣುತ್ತವೆ, ದಶಮಾಂಶದ ಚುಕ್ಕಿ ಎಷ್ಟೋ ಸಲ ಮಾಯವೇ ಆಗಿರುತ್ತದೆ.

ಫಾರಂನಲ್ಲಿ ಐದು ವಿಷಯ ಬಿಡುವಂತಿಲ್ಲ: ಮೆಟೀರಿಯಲ್ ಗ್ರೇಡ್, ಸಂಖ್ಯೆ, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬ ಮಿತಿ), ಹಾರ್ಡ್‌ನೆಸ್, ಡ್ರಾಯಿಂಗ್‌ನ ರಿವಿಷನ್ ನಂಬರ್. ಹೆಚ್ಚು ತಡವಾಗುವುದು ಮೂರನೆಯದು ಮತ್ತು ನಾಲ್ಕನೆಯದರಿಂದ. ‘ಬೋರ್ 25 ಮಿ.ಮೀ.’ (ಬೋರ್ ಎಂದರೆ ಒಳಗಿನ ತೂತು) ಎಂದಷ್ಟೇ ಬರೆದರೆ ನಮಗೆ ದಾರಿ ಎರಡು. ಎಚ್7 (ತೂತಿಗೆ ಬಳಸುವ ಬಿಗಿಯಾದ ಟಾಲರೆನ್ಸ್ ದರ್ಜೆ) ಬೇಕಿದ್ದರೆ ಬೋರ್ 25.000ರಿಂದ 25.021 ಮಿ.ಮೀ. ಒಳಗೇ ಬರಬೇಕು, ಅದಕ್ಕೆ ತೂತನ್ನು ನಿಖರ ಅಳತೆಗೆ ತರುವ ರೀಮರ್ ಅಥವಾ ಫಿನಿಶ್ ಬೋರಿಂಗ್, ತೂತಿನ ಅಳತೆ ನೋಡುವ ಪ್ಲಗ್ ಗೇಜ್ ಹಾಕಿ ಚೆಕಿಂಗ್. 0.2 ಮಿ.ಮೀ. ದೊಡ್ಡದಾದರೂ ನಡೆಯುತ್ತದೆ ಎಂದಾದರೆ ಡ್ರಿಲ್ ಸಾಕು. ಎರಡರ ನಡುವೆ ಸಮಯದಲ್ಲೂ ಖರ್ಚಿನಲ್ಲೂ ಬಹಳ ಅಂತರವಿದೆ. ಟಾಲರೆನ್ಸ್ ಗೊತ್ತಿಲ್ಲದಿದ್ದರೆ ಆ ಬೋರಿನೊಳಗೆ ಏನು ಕೂರುತ್ತದೆ, ತಿರುಗಬೇಕೋ, ಜಾರಬೇಕೋ, ಪ್ರೆಸ್ ಆಗಿ ಬಿಗಿಯಾಗಿರಬೇಕೋ ಎಂದು ಬರೆಯಿರಿ. ಫಿಟ್ ನಾವು ಸೂಚಿಸುತ್ತೇವೆ, ನೀವು ಒಪ್ಪಿಗೆ ಕೊಟ್ಟರಾಯಿತು.

ಹಾರ್ಡ್‌ನೆಸ್ ವಿಷಯಕ್ಕೆ ಬಂದರೆ, ‘ಹಾರ್ಡ್ ಮಾಡಿ ಕೊಡಿ’ ಎಂಬ ಸಾಲು ಸಾಲದು. 50ರಿಂದ 55 ಎಚ್‌ಆರ್‌ಸಿ (ರಾಕ್‌ವೆಲ್ ಸಿ, ಗಟ್ಟಿತನದ ಅಳತೆ) ಎಂಬಂತೆ ಕೆಳಮಿತಿ, ಮೇಲ್ಮಿತಿ ಎರಡೂ ಬೇಕು. ಅದೂ ಮೊದಲೇ ಬೇಕು. ಹಾರ್ಡ್ ಮಾಡಿದ ಶಾಫ್ಟ್ ಸ್ವಲ್ಪವಾದರೂ ಬಾಗುತ್ತದೆ. ಆಮೇಲೆ ಗ್ರೈಂಡಿಂಗ್‌ಗೆ ಬರಲಿ ಎಂದು ಟರ್ನಿಂಗ್‌ನಲ್ಲಿ ವ್ಯಾಸಕ್ಕೆ ಸುಮಾರು 0.3 ಮಿ.ಮೀ. ಉಳಿಸಿರುತ್ತೇವೆ. ಫಿನಿಶ್ ಸೈಜಿಗೆ ತಿರುಗಿಸಿ ಮುಗಿಸಿದ ಮೇಲೆ ‘ಇದನ್ನು ಹಾರ್ಡ್ ಕೂಡ ಮಾಡಬೇಕಿತ್ತು’ ಎಂಬ ಮಾತು ಬಂದರೆ, ಆ ಪೀಸ್ ಬಹುಮಟ್ಟಿಗೆ ಗುಜರಿಗೇ.

ಬೆಳಿಗ್ಗೆ 11 ಗಂಟೆಯೊಳಗೆ ಬಂದ ಫಾರಂಗೆ ಅದೇ ದಿನ ಸಂಜೆ 5ರೊಳಗೆ ಉತ್ತರ ಬರುತ್ತದೆ: ಜಾಬ್ ಕಾರ್ಡ್ (ಒಂದೊಂದು ಕೆಲಸಕ್ಕೂ ತೆರೆಯುವ ಚೀಟಿ) ನಂಬರ್ ಮತ್ತು ಡೆಲಿವರಿ ದಿನಾಂಕ, ಇಲ್ಲವೇ ನಮ್ಮ ಪ್ರಶ್ನೆ. ಪ್ರಶ್ನೆ ಬಾಕಿ ಇರುವವರೆಗೆ ದಿನಾಂಕ ಕೊಡುವುದಿಲ್ಲ.

ಎರಡನೆಯ ಬದಲಾವಣೆ ನಿಮ್ಮ ಕಣ್ಣಿಗೆ ಬೀಳದು, ಆದರೆ ನಮ್ಮ ಪ್ರಕಾರ ದೊಡ್ಡದು ಅದೇ. ಶಾಪ್ ಫ್ಲೋರಿಗೆ (ಮೆಷಿನ್ ಇರುವ ಜಾಗಕ್ಕೆ) ಒಮ್ಮೆಗೆ ಬಿಡುವ ಕಾರ್ಡ್‌ಗಳಿಗೆ ಮಿತಿ ಹಾಕುತ್ತಿದ್ದೇವೆ. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಲೆಕ್ಕ ಇದಕ್ಕೆ ಆಧಾರ: ಒಳಗಿರುವ ಕೆಲಸಗಳ ಸರಾಸರಿ ಸಂಖ್ಯೆಯನ್ನು ದಿನಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದರೆ, ಒಂದು ಕೆಲಸ ಒಳಗೆ ಕಳೆಯುವ ಸರಾಸರಿ ದಿನಗಳು ಸಿಗುತ್ತವೆ. 60 ಕಾರ್ಡ್ ಒಳಗಿದ್ದು ದಿನಕ್ಕೆ 6 ಮುಗಿದರೆ 10 ದಿನ. 30 ಇದ್ದರೆ 5 ದಿನ. ‘ಹಾಗಾದರೆ ಸಾಲು ಬಾಗಿಲ ಹೊರಗೆ ಹೋಯಿತು ಅಷ್ಟೇ ಅಲ್ಲವೇ?’ ಎಂದು ನೀವು ಕೇಳಬಹುದು. ಅರ್ಧ ನಿಜ. ಆದರೆ ಹೊರಗಿರುವ ಕಾರ್ಡ್‌ನಲ್ಲಿ ಸಂಖ್ಯೆ, ಅಳತೆ ಏನು ಬೇಕಾದರೂ ಬದಲಾಯಿಸಬಹುದು, ಯಾರಿಗೂ ನಷ್ಟವಿಲ್ಲ. ಒಳಗೆ ಮಾಲು ಕಡಿಮೆ ಇದ್ದರೆ ಅರ್ಧ ಮುಗಿದ ಟ್ರೇ ಹುಡುಕುವುದು, ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದು ತಪ್ಪುತ್ತದೆ.

ಈ ಇಳಿಸಿ ಏರಿಸುವುದಕ್ಕೆ ಸಾಮಾನ್ಯವಾಗಿ ಕಾರಣ ಅರ್ಜೆಂಟ್ ಕೆಲಸ. ಒಂದು ಅರ್ಜೆಂಟ್ ಜಾಬ್ ನಡುವೆ ಬಂದರೆ ಚಕ್‌ನ ಜಾ (ಪೀಸ್ ಹಿಡಿಯುವ ದವಡೆ) ಬದಲಿಸಬೇಕು, ಟೂಲ್ ಕಟ್ಟಬೇಕು, ಟೂಲಿನ ಸ್ಥಾನ ಹೊಂದಿಸುವ ಆಫ್‌ಸೆಟ್ ಹಾಕಬೇಕು, ಮೊದಲ ಪೀಸ್ ಅಳೆಯಬೇಕು. ಅದು ಮುಗಿದ ಮೇಲೆ ಹಳೆಯ ಜಾಬ್‌ಗೆ ಇದೆಲ್ಲ ಮತ್ತೆ ಮೊದಲಿಂದ. ಸೆಟ್ಟಿಂಗ್‌ಗೆ 40 ನಿಮಿಷ ಎಂದಿಟ್ಟುಕೊಂಡರೂ ಒಂದು ಅಡ್ಡಿಗೆ 80 ನಿಮಿಷ ಹೋಯಿತು, ಒಂದು ಚಿಪ್ ಕೂಡ ಬೀಳದೆ. ಅದಕ್ಕೇ ಅರ್ಜೆಂಟ್‌ಗೆ ದಿನಕ್ಕೆ ಒಂದೇ ಜಾಗ. ಮೆಷಿನ್ ನಿಂತು ಉತ್ಪಾದನೆ ನಿಂತಿರುವವರಿಗೆ ಮೊದಲ ಆದ್ಯತೆ. ಎಲ್ಲರಿಗೂ ಎಲ್ಲವೂ ಅರ್ಜೆಂಟ್ ಆದರೆ ಯಾವುದೂ ಅರ್ಜೆಂಟ್ ಅಲ್ಲ ಎಂಬುದು ನಿಮಗೂ ಗೊತ್ತಿರುವ ಮಾತೇ.

ದೊಡ್ಡ ಆರ್ಡರ್‌ಗಳನ್ನು ಒಡೆದು ಕಳಿಸುತ್ತೇವೆ. 200 ಬುಷ್ ಇದ್ದರೆ 50ರಂತೆ ನಾಲ್ಕು ಸಲ. ಮೊದಲ 50 ಕೈಗೆ ಬಂದ ಕೂಡಲೇ ನೀವು ಅಸೆಂಬ್ಲಿ ಶುರು ಮಾಡಬಹುದು. ಜೋಡಿಸುವಾಗ ಏನಾದರೂ ತೊಡಕು ಕಂಡರೆ ಉಳಿದ 150 ಇನ್ನೂ ನಮ್ಮಲ್ಲೇ ಇರುತ್ತವೆ. ಪ್ರತಿ ಕಂತಿಗೆ ಡೆಲಿವರಿ ಚಲನ್, ಬಿಲ್ ಕೊನೆಗೆ ಒಂದೇ. ಒಟ್ಟಿಗೇ ಬೇಕಿದ್ದರೆ ಫಾರಂನಲ್ಲಿ ಟಿಕ್ ಮಾಡಿ.

ಕೆಲಸ ಫ್ಲೋರಿಗೆ ಹೋದ ಮೇಲೆ ಡ್ರಾಯಿಂಗ್ ಬದಲಾದರೆ ಹೊಸ ರಿವಿಷನ್, ಹೊಸ ಕಾರ್ಡ್. ಅಲ್ಲಿಯವರೆಗೆ ಆದ ಪೀಸ್‌ಗಳ ಎಣಿಕೆ ಕಳಿಸುತ್ತೇವೆ. ತಿದ್ದಬೇಕೋ, ಹಾಗೇ ತೆಗೆದುಕೊಳ್ಳುತ್ತೀರೋ, ಬಿಡುತ್ತೀರೋ ನೀವು ಹೇಳಿ. ಹಿಂದೆ ಮಾಡಿಸಿದ್ದನ್ನೇ ಮತ್ತೆ ಮಾಡಿಸುವುದಾದರೆ, ರಿವಿಷನ್ ಅದೇ ಇದ್ದಲ್ಲಿ, ಹಳೆಯ ಕಾರ್ಡ್ ನಂಬರ್ ಮತ್ತು ಸಂಖ್ಯೆ ಬರೆದರೆ ಸಾಕು.

ಈಗಾಗಲೇ ಒಪ್ಪಿಕೊಂಡಿರುವ ಆರ್ಡರ್‌ಗಳಿಗೆ ಹಳೆಯ ದಿನಾಂಕವೇ ಊರ್ಜಿತ. ಮೊದಲ ಎರಡು ವಾರ ಫಾರಂ ಇಲ್ಲದೆ ಬಂದ ಆರ್ಡರನ್ನು ನಾವೇ ಫಾರಂಗೆ ತುಂಬಿ ನಿಮ್ಮ ಒಪ್ಪಿಗೆಗೆ ಕಳಿಸುತ್ತೇವೆ. ನೀವು ‘ಸರಿ’ ಎಂದು ಉತ್ತರಿಸಿದ ಮೇಲೆ ಕಾರ್ಡ್ ತೆರೆಯುತ್ತದೆ.

ಇಂತಿ,
ಪ್ಲಾನಿಂಗ್ ವಿಭಾಗ