ಆಳಸಮುದ್ರದ ಬಾವಿಗಳಲ್ಲಿ ಹೆಪ್ಪುಗಟ್ಟುವ ಅನಿಲ: ದಕ್ಷಿಣ ಕನ್ನಡದ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ತಮ್ಮ ಕ್ಷೇತ್ರದ ಮತದಾರನಾಗಿ, ಸಮುದ್ರದ ತೈಲ ಬಾವಿಗಳಲ್ಲಿ ಹದಿನೆಂಟು ವರ್ಷ ಮಡ್ ಎಂಜಿನಿಯರ್ ಆಗಿ ದುಡಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ. ಬಾವಿ ಕೊರೆಯುವಾಗ ಕೊಳವೆಯೊಳಗೆ ಸತತವಾಗಿ ಹರಿಸುವ, ಜೇಡಿ, ಉಪ್ಪು, ತೂಕ ಹೆಚ್ಚಿಸುವ ಬೆರೈಟ್ ಎಂಬ ಖನಿಜದ ಪುಡಿ ಬೆರೆತ ದ್ರವವನ್ನು ರಿಗ್ಗಿನಲ್ಲಿ, ಅಂದರೆ ಬಾವಿ ಕೊರೆಯುವ ವೇದಿಕೆಯಲ್ಲಿ, ಎಲ್ಲರೂ ‘ಮಡ್’ ಎನ್ನುತ್ತಾರೆ. ಅದರ ತೂಕ, ಮಂದತನ, ಉಪ್ಪಿನಂಶಗಳನ್ನು ಹಗಲಿರುಳು ಕಾಯುವುದೇ ನನ್ನ ಕೆಲಸವಾಗಿತ್ತು. 2025ರ ಆಗಸ್ಟ್ 15ರಂದು ಪ್ರಧಾನಿಯವರು ಕೆಂಪುಕೋಟೆಯಿಂದ ಆಳಸಮುದ್ರ ಅನ್ವೇಷಣೆಯ ರಾಷ್ಟ್ರೀಯ ಮಿಷನ್ ಘೋಷಿಸಿದಾಗ ನನಗೆ ನಿಜಕ್ಕೂ ಸಂತೋಷವಾಯಿತು; ಅದರ ಜೊತೆಗೇ ಒಂದು ಹಳೆಯ ಆತಂಕವೂ ಮರಳಿ ಬಂತು. ಆಳಕ್ಕೆ ಹೋದಷ್ಟೂ ಬಾವಿಯೊಳಗೆ ಮೀಥೇನ್ ಹೈಡ್ರೇಟ್, ಅಂದರೆ ಅನಿಲ ನೀರಿನೊಡನೆ ಸೇರಿ ಆಗುವ ಗಡ್ಡೆ, ಕಟ್ಟಿಕೊಳ್ಳುವ ಅಪಾಯ ಹೆಚ್ಚುತ್ತದೆ. ಆ ಬಗ್ಗೆ ತಾವು ಸಂಸತ್ತಿನಲ್ಲಿ ಪ್ರಶ್ನೆ ಎತ್ತಬೇಕೆಂದು ಕೇಳಿಕೊಳ್ಳುವುದೇ ಈ ಪತ್ರದ ಉದ್ದೇಶ.

ಇದನ್ನು ತಮ್ಮಲ್ಲೇ ಕೇಳುವುದಕ್ಕೆ ಕಾರಣವಿದೆ. ಒಎನ್‌ಜಿಸಿಯ ಅಂಗಸಂಸ್ಥೆಯಾದ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ನಮ್ಮ ಮಂಗಳೂರಿನಲ್ಲಿದೆ. ನಮ್ಮ ಕರಾವಳಿಯ ಹುಡುಗರು ಮುಂಬೈ ಹೈ, ಕಾಕಿನಾಡ, ಕೊಲ್ಲಿ ದೇಶಗಳ ರಿಗ್ಗುಗಳಲ್ಲಿ ವೆಲ್ಡರ್, ಕ್ರೇನ್ ಆಪರೇಟರ್, ಡ್ರಿಲ್ಲರ್, ಅಡುಗೆಯವರಾಗಿ ದುಡಿಯುತ್ತಿದ್ದಾರೆ. ಬಾವಿ ಕೈತಪ್ಪಿದರೆ ಮೊದಲು ಅಪಾಯಕ್ಕೆ ಸಿಲುಕುವವರು ಅವರೇ.

ಹೈಡ್ರೇಟ್ ನೋಡಲು ಮಂಜುಗಡ್ಡೆಯಂತೆಯೇ ಇರುತ್ತದೆ. ನೀರಿನ ಅಣುಗಳು ಗೂಡು ಕಟ್ಟಿ ಮೀಥೇನ್ ಅಣುವನ್ನು ಒಳಗೆ ಸೆರೆಹಿಡಿದಾಗ ಅದು ಹುಟ್ಟುತ್ತದೆ. ಒಂದು ಘನ ಮೀಟರ್ ಹೈಡ್ರೇಟ್ ಕರಗಿದರೆ ಸುಮಾರು 164 ಘನ ಮೀಟರ್ ಅನಿಲ ಹೊರಬರುತ್ತದೆ. ಶುದ್ಧ ನೀರು ಹೆಪ್ಪುಗಟ್ಟಲು ಸೊನ್ನೆ ಡಿಗ್ರಿ ಬೇಕು. ಹೈಡ್ರೇಟಿಗೆ ಅಷ್ಟು ಚಳಿ ಬೇಕಾಗಿಲ್ಲ, ಒತ್ತಡವಿದ್ದರೆ ಸಾಕು. ನಾಲ್ಕು ಡಿಗ್ರಿಯಲ್ಲಿ ಸುಮಾರು 40 ಬಾರ್ ಒತ್ತಡಕ್ಕೇ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ನಲವತ್ತರಷ್ಟಕ್ಕೇ, ಅದು ಕಟ್ಟಿಕೊಳ್ಳುತ್ತದೆ. 1,500 ಮೀಟರ್ ಆಳದಲ್ಲಿ ನೀರಿನ ಒತ್ತಡವೇ 150 ಬಾರ್ ಇರುವುದರಿಂದ 16 ಡಿಗ್ರಿಯ ಆಸುಪಾಸಿನಲ್ಲೂ ಹೈಡ್ರೇಟ್ ಉಳಿಯಬಲ್ಲದು, ಆದರೆ ಅಲ್ಲಿನ ಸಮುದ್ರತಳ ಇರುವುದು ನಾಲ್ಕೈದು ಡಿಗ್ರಿಯಲ್ಲಿ. ಅನಿಲದಲ್ಲಿ ಈಥೇನ್, ಪ್ರೊಪೇನ್ ಸೇರಿದ್ದರೆ ಈ ಅಂತರ ಇನ್ನೂ ಹಿಗ್ಗುತ್ತದೆ. ನೈಸರ್ಗಿಕ ಅನಿಲದ ಕೊಳವೆಗಳನ್ನು ಮುಚ್ಚುತ್ತಿರುವುದು ಇಂಥ ಹೈಡ್ರೇಟ್ ಎಂದು ಹ್ಯಾಮರ್‌ಶ್ಮಿಟ್ ಎಂಬ ಅಮೆರಿಕದ ರಸಾಯನತಜ್ಞ ತೋರಿಸಿಕೊಟ್ಟದ್ದು 1934ರಲ್ಲಿ. ಹೀಗಾಗಿ ಇದು ಹೊಸ ಶತ್ರುವೂ ಅಲ್ಲ, ಲೆಕ್ಕಕ್ಕೆ ಸಿಗದ ಶತ್ರುವೂ ಅಲ್ಲ.

ಬಾವಿ ಕೊರೆಯುತ್ತಿರುವಾಗ ಮಡ್ ಹರಿಯುತ್ತಿರುತ್ತದೆ, ಭೂಗರ್ಭದ ಬಿಸಿ ಮೇಲೆ ಬರುತ್ತಿರುತ್ತದೆ, ಆಗ ಅಪಾಯ ಕಡಿಮೆ. ಅನಿಲ ಒಳನುಗ್ಗಿ, ಸಮುದ್ರತಳದಲ್ಲಿ ಬಾವಿಯ ಬಾಯಿ ಬಿಗಿಯುವ ಭಾರಿ ಕವಾಟವಾದ ಬ್ಲೋಔಟ್ ಪ್ರಿವೆಂಟರನ್ನು ಮುಚ್ಚಿ, ಎಲ್ಲವೂ ನಿಂತ ಮೇಲೆಯೇ ಅಪಾಯ ಶುರುವಾಗುವುದು. ಅಲ್ಲಿಂದ ರಿಗ್ಗಿನವರೆಗೆ ಏರಿಬರುವ ಚೋಕ್ ಲೈನ್, ಕಿಲ್ ಲೈನ್ ಎಂಬ ಎರಡು ಸಣ್ಣ ಕೊಳವೆಗಳೇ ಬಾವಿಯನ್ನು ಹತೋಟಿಗೆ ತರುವ ದಾರಿ. ಅವುಗಳ ಸುತ್ತಲೂ ಸಮುದ್ರದ ತಣ್ಣೀರು, ಒಳಗೆ ನಿಂತ ದ್ರವ. ಅನಿಲ ಅಲ್ಲಿಗೆ ತಲುಪಿದರೆ ಕೆಲವೇ ಗಂಟೆಗಳಲ್ಲಿ ಕೊಳವೆ ಕಟ್ಟಿಕೊಳ್ಳಬಹುದು. ಹೈಡ್ರೇಟ್ ಮಡ್‌ನಲ್ಲಿರುವ ನೀರನ್ನು ಮಾತ್ರ ಎಳೆದುಕೊಂಡು ಉಪ್ಪನ್ನೂ ಬೆರೈಟನ್ನೂ ಹೊರಗೆ ಬಿಡುವುದರಿಂದ, ಉಳಿದ ಮಡ್ ಸಿಮೆಂಟಿನ ಗಾರೆಯಂತೆ ಗಟ್ಟಿಯಾಗುತ್ತದೆ.

ನಾನೇ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಪೂರ್ವ ಕರಾವಳಿಯಾಚೆಯ ಒಂದು ಬಾವಿ. ಕಂಪನಿಯ ಹೆಸರು ಇಲ್ಲಿ ಬೇಡ. ಸಣ್ಣ ಪ್ರಮಾಣದ ಅನಿಲ ಒಳಬಂತು, ಬಾವಿಯನ್ನು ಸರಿಯಾಗಿಯೇ ಮುಚ್ಚಿದರು. ಅನಿಲವನ್ನು ಒತ್ತಿಹಿಡಿಯುವ ಭಾರದ ಮಡ್‌ಗೆ ಬೆರೈಟ್ ತರಬೇಕಿದ್ದ ಹಡಗು ಹವಾಮಾನ ಕೆಟ್ಟು ತಡವಾಗಿ, ಬಾವಿ ಹತ್ತೊಂಬತ್ತು ಗಂಟೆ ಹಾಗೇ ಇತ್ತು. ಕೊನೆಗೆ ಕಿಲ್ ಲೈನಿನಲ್ಲಿ ಮಡ್ ಒತ್ತಲು ಹೋದರೆ ಗೇಜಿನ ಮುಳ್ಳು ಏರುತ್ತಿತ್ತು, ದ್ರವ ಕದಲುತ್ತಿರಲಿಲ್ಲ. ಹೈಡ್ರೇಟ್ ಕಟ್ಟದಂತೆ ತಡೆಯುವುದು ಮಡ್‌ನ ಉಪ್ಪು; ಅದೆಷ್ಟಿದೆಯೆಂದು ನೋಡಲು ನಾನು ಲ್ಯಾಬಿಗೆ ಓಡಿ ಮಡ್ ಸೋಸಿದ ನೀರನ್ನು ಪರೀಕ್ಷಿಸಿದೆ. ಪೊಟ್ಯಾಸಿಯಂ ಕ್ರೋಮೇಟ್ ಹಾಕಿದೊಡನೆ ಅರಿಶಿನ ಬಣ್ಣಕ್ಕೆ ತಿರುಗುವ ಆ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು. ಬಣ್ಣ ಇಟ್ಟಿಗೆಗೆಂಪಾಗಿ ನಿಂತಾಗ ಉಪ್ಪೆಷ್ಟಿದೆ ಎಂದು ತಿಳಿಯುತ್ತದೆ. ಅಂದು ಕೆಂಪು ಬಹಳ ಬೇಗ ಬಂತು. ಯೋಜನೆಯ ಕಾಗದದಲ್ಲಿ ಇಪ್ಪತ್ತು ಶೇಕಡಾ ಇದ್ದ ಉಪ್ಪು ಮಡ್‌ನಲ್ಲಿ ಹದಿಮೂರಕ್ಕೆ ಇಳಿದಿತ್ತು. ಹಿಂದಿನ ಎರಡು ದಿನ ಮಡ್‌ನ ತೂಕ ಇಳಿಸಲೆಂದು ಸಮುದ್ರದ ನೀರು ಬೆರೆಸಿದ್ದರು. ಅದು ನನ್ನ ಪಾಳಿಯಲ್ಲಿಯೂ ನಡೆದಿತ್ತು, ನಾನು ತಡೆದಿರಲಿಲ್ಲ.

ಹೈಡ್ರೇಟ್ ಕರಗಿಸುವ ಗ್ಲೈಕಾಲ್ ಎಂಬ ರಾಸಾಯನಿಕ ಹಾಕಿ, ಕಾದು, ಮತ್ತೆ ಹಾಕಿ ಕೊಳವೆ ತೆರೆಯಲು ಎರಡು ದಿನ ಬೇಕಾಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ದಿನದ ವರದಿಯಲ್ಲಿ ‘ಕಾರ್ಯಾಚರಣೆಯಲ್ಲಿ ವಿಳಂಬ’ ಎಂದು ಬರೆದರು. ಹೈಡ್ರೇಟ್ ಎಂಬ ಪದ ಎಲ್ಲೂ ಬರಲಿಲ್ಲ. ಮುಂದಿನ ಬಾವಿ ಕೊರೆಯಲು ಬಂದ ತಂಡಕ್ಕೆ ಈ ಪಾಠ ತಲುಪಲೇ ಇಲ್ಲ. ನನ್ನನ್ನು ಇಂದಿಗೂ ಕಾಡುವುದು ಅದೇ.

ಇದಕ್ಕೆ ವ್ಯತಿರಿಕ್ತವಾಗಿ, ಇಂಥ ಎರಡು ಪ್ರಸಂಗಗಳನ್ನು ಬಾರ್ಕರ್ ಮತ್ತು ಗೋಮೆಜ್ ಎಂಬ ಎಂಜಿನಿಯರುಗಳು 1989ರಲ್ಲೇ ವಿವರವಾಗಿ ಪ್ರಕಟಿಸಿದ್ದರು. ಅವುಗಳಲ್ಲಿ ಒಂದು ಬಾವಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಕೇವಲ 350 ಮೀಟರ್ ನೀರಿನಲ್ಲಿತ್ತು. ಕೆಲಸ ಕಲಿಯುವಾಗ ನಾವೆಲ್ಲ ಓದಿದ್ದು ಆ ಬರಹವನ್ನೇ. ನಮ್ಮ ಬಾವಿಗಳ ಅನುಭವ ಹಾಗೆ ಏಕೆ ದಾಖಲಾಗಬಾರದು?

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ದುರಂತದಲ್ಲಿ ಹನ್ನೊಂದು ಮಂದಿ ಸತ್ತದ್ದು ತಮಗೆ ನೆನಪಿರಬಹುದು. ಆ ಸ್ಫೋಟಕ್ಕೆ ಹೈಡ್ರೇಟ್ ಕಾರಣವಲ್ಲ. ಆದರೆ ಸೋರಿಕೆ ತಡೆಯುವ ಮೊದಲ ದೊಡ್ಡ ಪ್ರಯತ್ನವನ್ನು ಕೆಡಿಸಿದ್ದು ಅದೇ. ಮೇ ತಿಂಗಳ ಮೊದಲ ವಾರ ಸುಮಾರು ನೂರು ಟನ್ ತೂಕದ ಉಕ್ಕಿನ ಗುಮ್ಮಟವನ್ನು 1,500 ಮೀಟರ್ ಆಳಕ್ಕೆ ಇಳಿಸಿದರು. ಒಳಗೆ ಹೈಡ್ರೇಟ್ ತುಂಬಿ ಮೇಲಿನ ಬಾಯಿ ಕಟ್ಟಿಹೋಯಿತು, ಗುಮ್ಮಟವನ್ನು ಪಕ್ಕಕ್ಕೆ ಸರಿಸಬೇಕಾಯಿತು. ಜೂನ್ ಆರಂಭದಲ್ಲಿ ಇಳಿಸಿದ ಚಿಕ್ಕ ಮುಚ್ಚಳಕ್ಕೆ ಮೊದಲಿನಿಂದಲೇ ಹೈಡ್ರೇಟ್ ತಡೆಯುವ ಮೆಥನಾಲ್ ಎಂಬ ಆಲ್ಕೊಹಾಲ್ ಹಾಯಿಸುವ ವ್ಯವಸ್ಥೆ ಮಾಡಿದ್ದರು. ಅದು ತೈಲವನ್ನು ಹಿಡಿದು ಮೇಲಕ್ಕೆ ಕಳುಹಿಸಿತು. ಹೈಡ್ರೇಟ್ ಕಟ್ಟುವ ಮೊದಲು ಹಾಕಿದ ಒಂದು ಡ್ರಮ್ ಮೆಥನಾಲ್, ಕಟ್ಟಿದ ಮೇಲೆ ಹಾಕಿದ ಹತ್ತಕ್ಕಿಂತ ಮೇಲೆಂಬುದು ನನ್ನ ಅನುಭವವೂ ಹೌದು. ಕಟ್ಟಿದ್ದನ್ನು ಬಿಡಿಸುವುದೇ ಅಪಾಯಕಾರಿ. ಅವಸರದಲ್ಲಿ ಒಂದೇ ಬದಿಯಿಂದ ಒತ್ತಡ ಇಳಿಸಿದರೆ ಆ ಗಡ್ಡೆ ಕೊಳವೆಯೊಳಗೆ ಬಂದೂಕಿನ ಗುಂಡಿನಂತೆ ಹಾರುತ್ತದೆ.

ತಡೆಯುವ ಉಪಾಯಗಳು ಗೊತ್ತಿರುವಂಥವೇ. ಮಡ್‌ನಲ್ಲಿ ಇಪ್ಪತ್ತು ಶೇಕಡಾ ಉಪ್ಪಿದ್ದರೆ ಹೈಡ್ರೇಟ್ ಕಟ್ಟುವ ಉಷ್ಣಾಂಶ ಹತ್ತು ಡಿಗ್ರಿಗೂ ಹೆಚ್ಚು ಕೆಳಗಿಳಿಯುತ್ತದೆ. ಆದರೆ ಮೇಲೆ ಹೇಳಿದ 1,500 ಮೀಟರಿನ ಲೆಕ್ಕಕ್ಕೆ ಅದು ಹೆಚ್ಚುಕಡಿಮೆ ಗಡಿಯಲ್ಲೇ ನಿಲ್ಲುತ್ತದೆ, ಮುಚ್ಚಿದ ಬಾವಿಯಲ್ಲಿ ಒತ್ತಡ ಏರಿದರೆ ಸಾಲುವುದೇ ಇಲ್ಲ. ಉಪ್ಪು ಹೆಚ್ಚಿಸಿದರೆ ಮಡ್ ಭಾರವಾಗಿ, ಆಳಸಮುದ್ರದ ಮೆತ್ತನೆಯ ಪದರಗಳು ಬಿರಿಯುತ್ತವೆ. ಆದ್ದರಿಂದಲೇ ಗ್ಲೈಕಾಲ್ ಬೇಕು, ಅಥವಾ ಎಣ್ಣೆ ಆಧಾರಿತ ಮಡ್ ಬೇಕು, ಅದರೊಳಗಿನ ನೀರಿಗೂ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು ಬೇಕು. ಕೊರೆತ ನಿಲ್ಲಿಸುವಾಗಲೆಲ್ಲ ಚೋಕ್, ಕಿಲ್ ಲೈನುಗಳಲ್ಲಿ ಗ್ಲೈಕಾಲ್ ತುಂಬಿಡಬೇಕು. ಇವೆಲ್ಲಕ್ಕೂ ಹಣ ಬೇಕು, ರಿಗ್ಗಿನ ಡೆಕ್ಕಿನಲ್ಲಿ ಜಾಗ ಬೇಕು. ದಿನದ ಬಾಡಿಗೆಯ ಒತ್ತಡದಲ್ಲಿ ಮೊದಲು ಕಡಿತವಾಗುವುದು ಇವೇ.

ಹೈಡ್ರೇಟನ್ನು ನಮ್ಮಲ್ಲಿ ಮುಖ್ಯವಾಗಿ ಇಂಧನದ ನಿಧಿಯೆಂದೇ ನೋಡಲಾಗುತ್ತಿದೆ. 2006ರಲ್ಲಿ ಸಮುದ್ರತಳ ಕೊರೆಯುವ ಜಾಯ್ಡಿಸ್ ರೆಸಲ್ಯೂಷನ್ ಹಡಗಿನ ಯಾತ್ರೆ ಬಂಗಾಳ ಕೊಲ್ಲಿಯ ಕೃಷ್ಣಾ-ಗೋದಾವರಿ (ಕೆಜಿ) ಕಣಿವೆಯಲ್ಲಿ ದಪ್ಪನೆಯ ಹೈಡ್ರೇಟ್ ಪದರ ಕಂಡದ್ದು, 2015ರಲ್ಲಿ ಜಪಾನಿನ ಚಿಕ್ಯು ಹಡಗು ಬಂದದ್ದು ಹೆಮ್ಮೆಯ ವಿಷಯವೇ. ಆ 2006ರ ಯಾತ್ರೆ ಕೊರೆದ ಮೊದಲ ತಾಣ ನಮ್ಮ ಬದಿಯ ಕೇರಳ-ಕೊಂಕಣ ಕಣಿವೆಯಲ್ಲಿತ್ತು, ಅಲ್ಲಿ ಹೈಡ್ರೇಟ್ ಸಿಗಲಿಲ್ಲ. ಅದನ್ನು ಓದಿ ಪಶ್ಚಿಮದ ಆಳಸಮುದ್ರದಲ್ಲಿ ಈ ಅಪಾಯವಿಲ್ಲವೆಂದು ಯಾರೂ ಭಾವಿಸಬಾರದು. ಸಮುದ್ರತಳದ ಮಣ್ಣಿನಲ್ಲಿ ಹೈಡ್ರೇಟ್ ಇರದಿದ್ದರೂ, ಕೆಳಗಿನಿಂದ ಅನಿಲ ಬಂದರೆ ಬಾವಿಯೇ ಅದನ್ನು ತಯಾರಿಸಿಕೊಳ್ಳುತ್ತದೆ. ಪೂರ್ವದಲ್ಲಿ ಕೆಜಿ-ಡಿ6 ಬ್ಲಾಕಿನ ಆರ್ ಕ್ಲಸ್ಟರ್ ಎಂಬ ಅನಿಲ ಕ್ಷೇತ್ರ 2,000 ಮೀಟರಿಗೂ ಹೆಚ್ಚು ಆಳದಲ್ಲಿ ಅನಿಲ ಕೊಡುತ್ತಿದೆ. ಕೆಜಿ-98/2 ಬ್ಲಾಕಿನಲ್ಲಿ 2024ರ ಜನವರಿಯಿಂದ ತೈಲ ಬರುತ್ತಿದೆ. ಮುಂದಿನ ಬಾವಿಗಳು ಇದೇ ಚಳಿ, ಇದೇ ಒತ್ತಡದಲ್ಲಿ ಕೊರೆಯುವಂಥವು.

2008ರ ಕಡಲಾಚೆಯ ಕಾರ್ಯಾಚರಣೆಗಳ ಸುರಕ್ಷತಾ ನಿಯಮಗಳಡಿ ಮೇಲ್ವಿಚಾರಣೆಯ ಹೊಣೆ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯದ್ದು. ಕಳೆದ ಹತ್ತು ವರ್ಷಗಳಲ್ಲಿ ನಮ್ಮ ಆಳಸಮುದ್ರದ ಬಾವಿಗಳಲ್ಲಿ ಎಷ್ಟು ಸಲ ಹೈಡ್ರೇಟ್‌ನಿಂದ ಕೊಳವೆ ಕಟ್ಟಿತು, ಆ ವರದಿಗಳು ಕಂಪನಿಗಳ ನಡುವೆ ಹಂಚಿಕೆಯಾದವೇ ಎಂದು ತಾವು ಚುಕ್ಕೆ ಗುರುತಿನ ಪ್ರಶ್ನೆಯಾಗಿಯೇ ಕೇಳಬೇಕು. ಆಗ ಸದನದಲ್ಲಿ ಉಪಪ್ರಶ್ನೆಗೂ ಅವಕಾಶ ಸಿಗುತ್ತದೆ. ಪ್ರತಿ ಆಳಸಮುದ್ರ ಬಾವಿಗೂ, ಕೊರೆತ ಶುರುವಾಗುವ ಮೊದಲೇ, ಅಲ್ಲಿನ ತಳದ ಉಷ್ಣಾಂಶ ಮತ್ತು ಮುಚ್ಚಿದ ಬಾವಿಯ ಗರಿಷ್ಠ ಒತ್ತಡಕ್ಕೆ ಲೆಕ್ಕ ಹಾಕಿದ ಹೈಡ್ರೇಟ್ ತಡೆ ಯೋಜನೆಯನ್ನು ಒಪ್ಪಿಗೆಯ ಷರತ್ತಾಗಿಸಲು ಒತ್ತಾಯಿಸಬೇಕು. ಇನ್ನೊಂದು ಮಾತು: ಯಾರಿಗೂ ಗಾಯವಾಗದ, ಕೆಲಸ ತಡವಾದ ಪ್ರಸಂಗವನ್ನೂ ಹೈಡ್ರೇಟ್ ಎಂದೇ ಬರೆಯಲು ಅವಕಾಶವಿರಬೇಕು, ಬರೆದ ನೌಕರನಿಗೆ ಶಿಕ್ಷೆಯಾಗದಂತೆ ರಕ್ಷಣೆಯಿರಬೇಕು. ಅಂದು ನನ್ನಲ್ಲಿ ಆ ಧೈರ್ಯವಿರಲಿಲ್ಲ.

ತಾವು ಪ್ರಶ್ನೆ ಸಿದ್ಧಪಡಿಸುವುದಾದರೆ ತಾಂತ್ರಿಕ ಟಿಪ್ಪಣಿ ಬರೆದುಕೊಡಲು, ದೆಹಲಿಗೆ ಬಂದು ವಿವರಿಸಲು ನಾನು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ಕ್ಷೇತ್ರದ ಮತದಾರ, ನಿವೃತ್ತ ಮಡ್ ಎಂಜಿನಿಯರ್