ಟೇಲರ್ ಮಂಜಿಲ್‌ನಲ್ಲಿ ಎರಡು ಕೋಣೆ ಬಿಡಿಸಿಕೊಡಿ: ಸುರಪುರದ ಶಾಸಕರಿಗೆ ಬಹಿರಂಗ ಪತ್ರ

ಸುರಪುರ ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ ಸಾದರ ನಮಸ್ಕಾರಗಳು.

ತಮ್ಮ ಮುಂದೆ ಬರುವ ಅರ್ಜಿಗಳಲ್ಲಿ ರಸ್ತೆ, ಕಾಲುವೆ ನೀರು, ಶಾಲಾ ಕೊಠಡಿಯವೇ ಹೆಚ್ಚು ಎಂದು ಬಲ್ಲೆ. ಈ ಸೀಮೆಯ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ಅಂಥ ಅರ್ಜಿಗಳನ್ನು ಊರವರಿಗೆ ನಾನೇ ಬರೆದುಕೊಟ್ಟದ್ದೂ ಉಂಟು. ಇವತ್ತು ಕೇಳುತ್ತಿರುವುದು ಬೇರೆ. ಸುರಪುರದ ಟೇಲರ್ ಮಂಜಿಲ್‌ನಲ್ಲಿ ಎರಡು ಕೋಣೆಗಳನ್ನು ವಸ್ತುಸಂಗ್ರಹಾಲಯಕ್ಕೆಂದು ಬಿಡಿಸಿಕೊಡಿ. ಒಂದು ಆ ಬಂಗಲೆ ಕಟ್ಟಿಸಿದ ಟೇಲರನದಾಗಲಿ, ಇನ್ನೊಂದು 1858ರಲ್ಲಿ ಬ್ರಿಟಿಷರನ್ನು ಎದುರಿಸಿದ ಸುರಪುರದ ಅರಸ ರಾಜಾ ವೆಂಕಟಪ್ಪ ನಾಯಕರದಾಗಲಿ. ನಡುವಿನ ಬಾಗಿಲು ಮಾತ್ರ ಮುಚ್ಚಬಾರದು.

ಬ್ರಿಟಿಷರ ಕಡೆಯ ಸೈನ್ಯಾಧಿಕಾರಿಯೊಬ್ಬನಿಗೆ ನಮ್ಮೂರಲ್ಲಿ ಯಾಕೆ ಕೋಣೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಮುಂಬಯಿಯ ವ್ಯಾಪಾರಿಯೊಬ್ಬನ ಕೈಕೆಳಗೆ ಕೆಲಸಕ್ಕೆಂದು ಹದಿನೈದರ ವಯಸ್ಸಿನಲ್ಲಿ ಹಡಗು ಹತ್ತಿದ. ಬಂದು ನೋಡಿದರೆ ಆ ವ್ಯಾಪಾರವೇ ನೆಲ ಕಚ್ಚುತ್ತಿತ್ತು. ಬಂಧುವೊಬ್ಬರ ಶಿಫಾರಸಿನಿಂದ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಹುದ್ದೆ ಸಿಕ್ಕಿತು. ಕಂಪನಿಯ ಸೈನ್ಯದಲ್ಲಲ್ಲ, ನಿಜಾಮನ ಸೈನ್ಯದಲ್ಲಿ. ಈ ವ್ಯತ್ಯಾಸ ಆತನ ಬದುಕನ್ನೇ ರೂಪಿಸಿತು ಎಂದು ನನ್ನ ನಂಬಿಕೆ. ಕಂಪನಿಯ ಅಧಿಕಾರಿಗಳ ಪಂಕ್ತಿಯಲ್ಲಿ ಸರಿಸಮ ಜಾಗವಿಲ್ಲದವನು ಪಾರಸಿ, ಹಿಂದೂಸ್ತಾನಿ, ಮರಾಠಿ ಕಲಿತ; ಸರ್ವೆ ಕಲಿತ; ಕೆರೆ ಕಟ್ಟುವುದನ್ನು ಕಲಿತ. ಲಂಡನ್ನಿನ ಟೈಮ್ಸ್ ಪತ್ರಿಕೆಗೆ ವರ್ಷಗಟ್ಟಲೆ ವರದಿ ಬರೆದ. ದಾರಿಹೋಕರನ್ನು ಕೊಂದು ದೋಚುತ್ತಿದ್ದ ಥಗ್ಗರ ಮೇಲಿನ ಆತನ ಕಾದಂಬರಿ 1839ರಲ್ಲಿ ಅಚ್ಚಾಗಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು.

1841ರಲ್ಲಿ ಆತನನ್ನು ಸುರಪುರಕ್ಕೆ ಕಳಿಸಿದರು. ನಿಜಾಮನಿಗೆ ಕೊಡಬೇಕಿದ್ದ ನಜರಾಣೆಯ ಬಾಕಿಯಿಂದ ಸಂಸ್ಥಾನ ಹಣ್ಣಾಗಿತ್ತು. ಸ್ವಲ್ಪ ದಿನಕ್ಕೆ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡರು. ಮಗ ವೆಂಕಟಪ್ಪ ಇನ್ನೂ ಎಂಟರ ಆಸುಪಾಸಿನ ಹುಡುಗ. ರಾಣಿ ಈಶ್ವರಮ್ಮನವರಿಗೂ ಟೇಲರನಿಗೂ ಆಡಳಿತದ ಮೇಲೆ ಜಟಾಪಟಿ ನಡೆಯಿತು. ಟೇಲರ್ ತನ್ನ ಆತ್ಮಕಥೆಯಲ್ಲಿ ರಾಣಿಯ ಬಗ್ಗೆ ಕಟುವಾಗಿ ಬರೆದಿದ್ದಾನೆ. ಅದನ್ನು ಓದುವಾಗಲೆಲ್ಲ ನನಗೆ ಅನ್ನಿಸುವುದು, ಈ ಜಗಳದಲ್ಲಿ ಪುಸ್ತಕ ಬರೆದು ಅಚ್ಚು ಹಾಕಿಸುವ ಅನುಕೂಲ ಇದ್ದದ್ದು ಒಬ್ಬರಿಗೆ ಮಾತ್ರ. ಕೋಣೆ ಎರಡಿರಬೇಕು ಎಂದು ನಾನು ಹಟ ಹಿಡಿದಿರುವುದಕ್ಕೆ ಇದೂ ಒಂದು ಕಾರಣ.

ಹನ್ನೆರಡು ವರ್ಷ ಇಲ್ಲಿದ್ದ. ಕಂದಾಯದ ಲೆಕ್ಕ ಸರಿಪಡಿಸಿದ, ಬೇಡ ನಾಯಕರ ಜೊತೆ ಕೂತು ಮಾತಾಡಿ ಅವರನ್ನು ಒಲಿಸಿಕೊಂಡ. ಅರಸರ ಕಾಲದ ಬೋನಾಳ ಕೆರೆಯ ಕೆಲಸ ಆತನ ಕೈಯಲ್ಲಿ ಪೂರ್ತಿಯಾಯಿತು. ಚಳಿಗಾಲದ ಬೆಳಗ್ಗೆ ಆ ಏರಿಯ ಮೇಲೆ ನಿಂತರೆ ಜೊಂಡಿನ ನಡುವೆ ಬಕಗಳು ಕತ್ತು ನೀಳ ಮಾಡಿ ನಿಂತಿರುತ್ತವೆ, ನೀರಿನ ಮೇಲೆ ಬಾತುಗಳ ಹಿಂಡು. ಇಂದು ಪಕ್ಷಿಧಾಮ ಎಂದು ನಾವು ಹೆಮ್ಮೆಪಡುವ ಆ ನೀರಿನಲ್ಲಿ ನಾಯಕ ಅರಸರ ಪಾಲೂ ಇದೆ, ಈ ಪರದೇಶಿಯ ಪಾಲೂ ಇದೆ.

ಪ್ರಾಚೀನ ಕಾಲದ ಜನ ನಿಲ್ಲಿಸಿದ ಕಲ್ಲುಗಳ ವಿಷಯವನ್ನಂತೂ ಬಿಡಿಸಿ ಹೇಳಲೇಬೇಕು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಗುಂಡುಗಲ್ಲುಗಳ ಸಾಲು ಇದೆಯಲ್ಲ, ಅದರ ನಡುವೆ ನಡೆದು ನೋಡಿದ್ದೀರಾ? ಒಂದು ಕಲ್ಲಿನ ಪಕ್ಕ ನಿಂತರೆ ಸುಮ್ಮನೆ ಬಿದ್ದ ಬಂಡೆ ಅನ್ನಿಸುತ್ತದೆ. ನಾಲ್ಕು ಹೆಜ್ಜೆ ಸರಿದು ಓರೆಯಾಗಿ ನೋಡಿದರೆ ಗೆರೆ ಎಳೆದ ಹಾಗೆ ಸಾಲು ಕಣ್ಣಿಗೆ ಬೀಳುತ್ತದೆ. ಇನ್ನಷ್ಟು ಸರಿದರೆ ಮತ್ತೊಂದು ಸಾಲು. ಟೇಲರ್ ಅದನ್ನು ಕಂಡ. ರಾಜನಕೋಳೂರಿನ ಕಲ್ಲುಮನೆಗಳನ್ನು ಅಳೆದ, ಚಿತ್ರ ಬರೆದ. ಜೇವರ್ಗಿಯಲ್ಲಿ ಗೋರಿಗಳ ಮೇಲಿನ ಕಲ್ಲುಗುಪ್ಪೆಗಳನ್ನು ಅಗೆಸಿ, ಒಳಗಿನ ಮೂಳೆಗಳು ಯಾವ ಪದರದಲ್ಲಿ ಹೇಗೆ ಬಿದ್ದಿದ್ದವು ಎಂದು ನಕ್ಷೆಯಲ್ಲೇ ತೋರಿಸಿದ. ನಿಧಿ ಸಿಗುತ್ತದೆಂದು ಗೋರಿ ಅಗೆಯುವವರು ಹೆಚ್ಚಿದ್ದ ಆ ಕಾಲದಲ್ಲಿ, ಮಣ್ಣಿನ ಪದರವೂ ಏನೋ ಹೇಳುತ್ತದೆ ಎಂದು ಗಮನಿಸಿದವನು ಆತ. ಈ ಕೆಲಸದ ಮೇಲಿನ ಲೇಖನ 1862ರಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿ ಪ್ರಕಟಿಸಿತು. ನಮ್ಮ ಹೊಲದ ಕಲ್ಲುಗಳ ಸುದ್ದಿ ಡಬ್ಲಿನ್ನಿಗೆ ಹೋದದ್ದು ಹೀಗೆ. ಆ ಚಿತ್ರಗಳ ಪ್ರತಿ ದೊಡ್ಡದಾಗಿ ಅಚ್ಚಾಗಿ ಸುರಪುರದ ಗೋಡೆಯ ಮೇಲೆ, ಕನ್ನಡದ ವಿವರಣೆಯೊಂದಿಗೆ ಇರಬೇಕು.

1853ರಲ್ಲಿ ಹುಡುಗ ರಾಜನ ಕೈಗೆ ಆಡಳಿತ ಬಂತು. ಟೇಲರ್ ನಳದುರ್ಗಕ್ಕೆ ಹೋದ. 1857ರ ದಂಗೆ ಎದ್ದಾಗ ಆತ ವರ್ಹಾಡದ ಬುಲ್ಡಾಣದಲ್ಲಿದ್ದ. 1858ರ ಫೆಬ್ರವರಿಯಲ್ಲಿ, ತಿರುಗಿಬಿದ್ದ ಸುರಪುರದ ಮೇಲೆ ಬ್ರಿಟಿಷರ ಸೈನ್ಯ ಬಂತು. ಬೇಡರು ಕಾದಿದರು, ಬ್ರಿಟಿಷರ ಕಡೆಯ ಕ್ಯಾಪ್ಟನ್ ನ್ಯೂಬೆರಿ ಸತ್ತ. ರಾಜರು ಹೈದರಾಬಾದಿಗೆ ಹೋದರು, ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ಕಡೆಯವರ ಕೈಗೆ ಸಿಕ್ಕರು.

ಆಮೇಲಿನದು ಪಾಠ ಮಾಡುವಾಗ ನನಗೆ ಪ್ರತಿ ವರ್ಷವೂ ಗಂಟಲು ಕಟ್ಟುತ್ತಿತ್ತು. ಸೆರೆಯಲ್ಲಿದ್ದ ರಾಜರನ್ನು ಕಾಣಲು ಟೇಲರ್ ಹೋದ. ಬಾಲ್ಯದಿಂದ ಆತನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ ವೆಂಕಟಪ್ಪ ನಾಯಕರು ಅಂದೂ ಹಾಗೇ ಕರೆದು ತಬ್ಬಿಕೊಂಡರು. ಜೊತೆಗಿದ್ದವರ ಹೆಸರು ಹೇಳಿದರೆ ಒಳ್ಳೆಯದಾಗುತ್ತದೆ ಎಂದಾಗ ಒಪ್ಪಲಿಲ್ಲ. ಕಳ್ಳನ ಹಾಗೆ ನೇಣಿಗೆ ಹಾಕುವುದು ಬೇಡ, ಬೇಕಿದ್ದರೆ ತೋಪಿನ ಬಾಯಿಗೆ ಕಟ್ಟಲಿ ಎಂದರು. ಇದನ್ನೆಲ್ಲ ಬರೆದಿಟ್ಟವನು ಟೇಲರನೇ. ಯಾರ ವಿರುದ್ಧ ರಾಜರು ಕತ್ತಿ ಎತ್ತಿದರೋ ಆ ಪಕ್ಷದ ಮನುಷ್ಯನ ಲೇಖನಿಯಲ್ಲೇ ಅವರ ಧೈರ್ಯದ ಸಾಕ್ಷಿ ಉಳಿದಿದೆ.

ಮರಣದಂಡನೆ ರದ್ದಾಗಿ, ಕಡೆಗೆ ನಾಲ್ಕು ವರ್ಷದ ಸೆರೆವಾಸ ಎಂದಾಯಿತು. ಮದ್ರಾಸಿನ ಕಡೆಯ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ, ಬಿಡಾರದೊಳಗೆ, ಕಾವಲು ಅಧಿಕಾರಿಯ ರಿವಾಲ್ವರಿನ ಗುಂಡಿಗೆ ರಾಜರು ತೀರಿಕೊಂಡರು. ವಯಸ್ಸು ಇಪ್ಪತ್ತನಾಲ್ಕರ ಸುಮಾರು. ತಾವೇ ಹಾರಿಸಿಕೊಂಡರೆಂದು ಬ್ರಿಟಿಷರ ದಾಖಲೆ. “ನಮ್ಮ ದೊರಿ ಹಂಗ ಸಾಯೋರಲ್ಲ” ಎನ್ನುತ್ತಿದ್ದಳು ನಮ್ಮಜ್ಜಿ. ದಾಖಲೆಯನ್ನೂ ಇಡೋಣ, ಅಜ್ಜಿಯಂಥವರ ಮಾತನ್ನೂ ಪಕ್ಕದಲ್ಲೇ ಬರೆದಿಡೋಣ.

ಟೇಲರ್ ಆ ವರ್ಷವೇ ಅಧಿಕಾರಿಯಾಗಿ ಸುರಪುರಕ್ಕೆ ಮರಳಿದ. 1860ರಲ್ಲಿ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹೋದ. ಸುರಪುರ ನಿಜಾಮನ ಪಾಲಾದದ್ದೂ ಅದೇ ವರ್ಷ. ಕಡೆಗಾಲದಲ್ಲಿ ಕಣ್ಣು ಕಳೆದುಕೊಂಡಿದ್ದರೂ 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದ. ವಾಪಸು ಹೋಗುವಾಗ, 1876ರ ಮೇ ತಿಂಗಳಲ್ಲಿ, ಫ್ರಾನ್ಸಿನ ಮೆಂಟನ್‌ನಲ್ಲಿ ಸತ್ತ.

ಶಾಸಕರೇ, ಈ ಕೆಲಸಕ್ಕೆ ಹೊಸ ಕಟ್ಟಡ ಬೇಡ. ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ತಾವೊಂದು ಪತ್ರ ಬರೆದು, ಜಿಲ್ಲಾಧಿಕಾರಿಗಳನ್ನೂ ಅರಮನೆಯ ಮನೆತನದವರನ್ನೂ ಒಂದೆಡೆ ಕೂರಿಸಿದರೆ ಆರಂಭವಾದಂತೆಯೇ. ಟೇಲರನ ಆತ್ಮಕಥೆಯಲ್ಲಿ ಸುರಪುರದ ಭಾಗವನ್ನು ನಾನು ಮಕ್ಕಳಿಗಾಗಿ ಕನ್ನಡಕ್ಕೆ ತಂದುಕೊಂಡಿದ್ದೇನೆ. ಎರಡು ನೋಟುಬುಕ್ಕು ತುಂಬಿದೆ. ತಾವು ಯಾವ ದಿನ ಹೇಳಿದರೂ ಅವನ್ನು ಕಚೇರಿಗೆ ತಂದೊಪ್ಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸುರಪುರ ಸೀಮೆಯ ಒಬ್ಬ ನಿವೃತ್ತ ಶಿಕ್ಷಕ