ಪರೀಕ್ಷೆಯ ಕೋಣೆಗೆ ಕಾಲಿಡುವ ಮುಂಚೆ

ಚಿ. ಪುಟ್ಟಿಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಹೆಚ್ಚು ಬುದ್ಧಿಮತ್ತೆ ಇರುವವರ ಸಂಘವಾದ ಮೆನ್ಸಾದ ಪ್ರವೇಶ ಪರೀಕ್ಷೆಗೆ ಮೇಲ್ವಿಚಾರಕಿಯಾಗಿ ಹೆಸರು ಕೊಟ್ಟಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಖುಷಿಯಾಯಿತು. ದುಡ್ಡಿಗಾಗಿ ಮಾಡುವ ಕೆಲಸವಲ್ಲ ಇದು, ರಜೆಯ ದಿನವೂ ಕೈಬಿಟ್ಟು ಹೋಗುತ್ತದೆ. ನಾನೂ ಬಹಳ ಕಾಲ ಇದನ್ನು ಮಾಡಿದವನಾದ್ದರಿಂದ ಒಂದಿಷ್ಟು ಹೇಳುತ್ತೇನೆ, ಕೇಳು.

ಕಳ್ಳರನ್ನು ಹಿಡಿಯೋಕೆ ಹೋಗುತ್ತಿದ್ದೀಯ ಅಂದುಕೊಳ್ಳಬೇಡ. ಕಾಪಿ ಹೊಡೆಯಲು ಬರುವವರು ಅಪರೂಪ. ಎಲ್ಲರಿಗೂ ಒಂದೇ ಥರದ ಪರೀಕ್ಷೆ ಸಿಗಬೇಕು, ಅಷ್ಟೇ ನಿನ್ನ ಹೊಣೆ. 1946ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ರೋಲೆಂಡ್ ಬೆರಿಲ್ ಮತ್ತು ಲ್ಯಾನ್ಸ್‌ಲಾಟ್ ವೇರ್ ಈ ಸಂಘ ಕಟ್ಟಿದರು. ಇವತ್ತು ಒಳಗೆ ಬರಲು ಕೇಳುವುದು ಒಂದೇ: ಒಪ್ಪಿತ ಬುದ್ಧಿಮತ್ತೆ ಪರೀಕ್ಷೆಯಲ್ಲಿ ಮೇಲಿನ ಶೇಕಡ 2ರೊಳಗೆ ಬರಬೇಕು. 50 ಜನರಲ್ಲಿ ಒಬ್ಬರು ಅನ್ನು. ಡಿಗ್ರಿ, ಆಸ್ತಿ, ಮನೆತನ ಯಾವುದನ್ನೂ ಕೇಳುವುದಿಲ್ಲ. ಇರುವ ಒಂದೇ ಬಾಗಿಲಲ್ಲಿ ನೀನು ನಿಂತಿರುತ್ತೀಯ.

ಆ ಶೇಕಡ 2 ಎಲ್ಲಿಂದ ಬಂತು ಗೊತ್ತಲ್ವಾ? ಪರೀಕ್ಷೆ ತಯಾರಿಸಿದವರು ಅದನ್ನು ಮೊದಲು ತುಂಬಾ ಜನರಿಂದ ಬರೆಸಿರುತ್ತಾರೆ. ಇಷ್ಟೇ ನಿಮಿಷ, ಇದೇ ಸೂಚನೆ. ಅವರ ಅಂಕ ನೋಡಿಯೇ ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಲೆಕ್ಕ ಹಾಕುವುದು. ನೀನು ಪಾಪ ಅಂತ ಅರ್ಧ ನಿಮಿಷ ಜಾಸ್ತಿ ಕೊಟ್ಟರೆ ಆ ಲೆಕ್ಕ ಕೆಟ್ಟಿತು. ಗಡಿಯಲ್ಲಿರುವವರ ಹಣೆಬರಹ ಒಂದೆರಡು ಉತ್ತರದಲ್ಲೇ ತೀರ್ಮಾನವಾಗುತ್ತದೆ.

ಅದಕ್ಕೇ ಸೂಚನೆಗಳನ್ನು ಅಚ್ಚಾದ ಹಾಗೆ ಓದು. ನಿನಗೆ ಬಾಯಿಪಾಠ ಬಂದಿದ್ದರೂ ಹಾಳೆ ನೋಡಿಯೇ ಓದು. ಬಾಯಿಪಾಠ ಬಂದವರೇ ಮಧ್ಯೆ ಒಂದು ಸಾಲು ನುಂಗುವುದು. ಒಂದು ಗಡಿಯಾರ ಕೈಕೊಟ್ಟರೆ ಅಂತ ಎರಡು ಇಟ್ಟುಕೋ, ಶುರು ಮಾಡಿದ ಸಮಯವನ್ನು ಕಾಗದದ ಮೇಲೆ ಬರೆ.

ಕಷ್ಟ ಬರುವುದು ಮನುಷ್ಯರಿಂದ. ಯಾರೋ ಕೈ ಎತ್ತುತ್ತಾರೆ. ನೀನು ಹತ್ತಿರ ಹೋಗಿ ಬಗ್ಗಿದರೆ ಒಂದು ಚಿತ್ರದ ಮೇಲೆ ಬೆರಳಿಟ್ಟು, "ಇಲ್ಲಿ ಏನು ಕೇಳ್ತಿದ್ದಾರೆ?" ಅಂತ ಪಿಸುಗುಡುತ್ತಾರೆ. ಉತ್ತರ ನಿನಗೆ ಕಾಣುತ್ತಿರುತ್ತದೆ. ಆಗ ಕಣ್ಣು ಆ ಪುಟದ ಮೇಲೆ ನಿಲ್ಲಲೇಬಾರದು, ಯಾಕೆಂದರೆ ನೋಟವೂ ಸುಳಿವು ಕೊಡುತ್ತದೆ. "ನಿಮಗೆ ಅರ್ಥವಾದ ಹಾಗೆ ಮಾಡಿ" ಅಂತ ಹೇಳಿ ಬಂದುಬಿಡು. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಗಡಿಯಾರ ಒತ್ತುವ ಮುಂಚೆ ಮಾದರಿ ಪ್ರಶ್ನೆಗಳಿರುತ್ತವಲ್ಲ, ನಿನ್ನ ಧಾರಾಳತನವನ್ನೆಲ್ಲ ಅಲ್ಲಿ ತೋರಿಸು. ಎಲ್ಲರಿಗೂ ಅರ್ಥವಾಯಿತಾ ಅಂತ ಕೇಳಿ ಸುಮ್ನೆ ಮುಂದೆ ಹೋಗಬೇಡ, ಮುಖಗಳನ್ನು ನೋಡು. ಅರ್ಥವಾಗದವರು ತಲೆ ಜೋರಾಗಿ ಆಡಿಸುತ್ತಾರೆ.

"ನಿಲ್ಲಿಸಿ" ಅಂದಾಗ ಒಬ್ಬರಾದರೂ ಪೆನ್ಸಿಲ್ ಓಡಿಸುತ್ತಿರುತ್ತಾರೆ. ಹೆಸರು ಹಿಡಿದು ಕೂಗಬೇಡ. ಅವರ ಮೇಜಿನ ಹತ್ತಿರ ಹೋಗಿ ನಿಂತರೆ ಸಾಕು, ಪೆನ್ಸಿಲ್ ಕೆಳಗೆ ಬರುತ್ತದೆ. ಪರೀಕ್ಷೆ ನಡೆಯುವಾಗ ಮಾತ್ರ ಯಾರ ಬೆನ್ನ ಹಿಂದೆಯೂ ನಿಲ್ಲಬೇಡ, ಸದ್ದು ಮಾಡುವ ಚಪ್ಪಲಿ ಹಾಕಿಕೊಂಡು ಹೋಗಬೇಡ. ನಡುವೆ ಅಲಾರಂ ಹೊಡೆದರೆ, ಕರೆಂಟು ಹೋದರೆ, ಎಷ್ಟು ಹೊತ್ತಿಗೆ ಏನಾಯಿತು ಅಂತ ವರದಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆ. ಪ್ರಶ್ನೆಪುಸ್ತಿಕೆಗಳೆಲ್ಲ ಎಣಿಕೆಗೆ ಸಿಕ್ಕುವ ತನಕ ಒಬ್ಬರನ್ನೂ ಹೊರಗೆ ಬಿಡಬೇಡ. ಒಂದು ಪುಟದ ಫೋಟೋ ಹೊರಗೆ ಹೋದರೂ ಆ ಪರೀಕ್ಷೆ ಮುಂದೆ ಯಾರಿಗೂ ಉಪಯೋಗವಿಲ್ಲ.

ಮುಗಿದ ಮೇಲೆ ಸುತ್ತ ನಿಂತು, "ನಾನು ಹೇಗೆ ಮಾಡಿದೆ ಅನ್ಸುತ್ತೆ?" ಅಂತ ಕೇಳುತ್ತಾರೆ. "ಚೆನ್ನಾಗಿ ಮಾಡಿದ್ದೀರಿ" ಅನ್ನಲೇಬೇಡ. ಬಾಯಿತುದಿಗೆ ಬರುವ ಮಾತು ಅದು. ನಾಳೆ ಫಲಿತಾಂಶ ಬೇರೆ ಬಂದರೆ ಆ ಮಾತು ಅವರನ್ನು ಚುಚ್ಚುತ್ತದೆ. ಫಲಿತಾಂಶ ಕಚೇರಿಯಿಂದಲೇ ಬರುತ್ತದೆ ಅಂತ ಹೇಳು. ಯಾವನೋ 148, 132 ಅಂತ ಅಂಕದ ಜಗಳ ತೆಗೆಯುತ್ತಾನೆ. ಅದರೊಳಗೆ ಇಳಿಯಬೇಡ. ಒಂದೊಂದು ಬುದ್ಧಿಮತ್ತೆ ಪರೀಕ್ಷೆಗೆ ಒಂದೊಂದು ಅಳತೆ: ಕ್ಯಾಟೆಲ್ ಅಳತೆಯ 148 ಕೂಡ, ಸ್ಟ್ಯಾನ್‌ಫರ್ಡ್-ಬಿನೆ ಅಳತೆಯ 132 ಕೂಡ ಸುಮಾರು ಅದೇ ಶೇಕಡ 2ರ ಗೆರೆ, ಜಗಳವೇ ದಂಡ.

ಚಿಕ್ಕ ಮಕ್ಕಳು ಬರೆಯಲು ಬಂದರೆ ಅಪ್ಪ ಅಮ್ಮ ಕಿಟಕಿಗೆ ಮುಖ ಒತ್ತಿಕೊಂಡಿರುತ್ತಾರೆ. ಅವರನ್ನು ದೂರ ಕೂರಿಸು, ಮಗುವಿಗೆ ಉಸಿರಾಡಲು ಬಿಡು.

ಇನ್ನೊಂದು. ಪಟ್ಟಿಯಲ್ಲಿ ಪರಿಚಯದವರೋ ನೆಂಟರೋ ಕಂಡರೆ ಮೊದಲೇ ತಿಳಿಸಿ, ಆ ದಿನ ಬೇರೆಯವರಿಗೆ ಬಿಟ್ಟುಕೊಡು. ಯಾರು ಬಂದಿದ್ದರು ಅನ್ನುವುದನ್ನಂತೂ ಮನೆಯಲ್ಲೂ ಬಾಯಿಬಿಡಬೇಡ. ಪರೀಕ್ಷೆಗೆ ಬಂದದ್ದೇ ಅನೇಕರು ಮನೆಯವರಿಗೂ ಹೇಳಿರುವುದಿಲ್ಲ.

ಮೊದಲ ಪರೀಕ್ಷೆ ಮುಗಿದ ಮೇಲೆ ಫೋನ್ ಮಾಡು. ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ